ಕೈಗಳಿಲ್ಲದ ಚಿತ್ರವುಂಟೆ?

ತಪಸ್ಸುಕಾಲದ ಶುಕ್ರವಾರಗಳಲ್ಲಿ ಶಿಲುಬೆಯ ಹಾದಿಯನ್ನು ನಡೆಯುವಾಗ ಆರನೆಯ ಸ್ಥಳದಲ್ಲಿ ನಾವೆಲ್ಲರೂ ವೆರೋನಿಕಳ ಬಳಿ ಒಂದು ಕ್ಷಣ ನಿಲ್ಲುತ್ತೇವೆ. ನಾಲ್ಕು ಶುಭಸಂದೇಶಗಳಲ್ಲಿ ಈ ಸ್ತ್ರೀಯ ಪ್ರಸ್ತಾಪವಿಲ್ಲ. ಆದರೂ ಶತಮಾನಗಳ ಭಕ್ತಿ ಪರಂಪರೆ ಅವಳನ್ನು ಕೈಬಿಟ್ಟಿಲ್ಲ. ಬೆವರು, ರಕ್ತಗಳಿಂದ ತೊಯ್ದಿದ್ದ ಯೇಸುಸ್ವಾಮಿಯ ಮುಖವನ್ನು ಅವಳು ತನ್ನ ವಸ್ತ್ರದಿಂದ ಒರೆಸಿದಾಗ ಆ ವಸ್ತ್ರದ ಮೇಲೆ ಪ್ರಭುವಿನ ಮುಖ ಮೂಡಿತೆಂದು ಆ ಪರಂಪರೆ ಹೇಳುತ್ತದೆ. ಪೂರ್ವದ ಕ್ರೈಸ್ತರಲ್ಲಿ ಇದಕ್ಕೆ ಹೋಲುವ ಮತ್ತೊಂದು ಕಥೆಯಿದೆ. ಎದೆಸ್ಸಾ ನಗರದ ಅರಸ ಅಬ್ಗಾರನಿಗೆ ಯೇಸುವಿನ ಮುಖಚ್ಛಾಯೆಯುಳ್ಳ ಒಂದು ವಸ್ತ್ರ ದೊರೆಯಿತಂತೆ. ಆ ವಸ್ತ್ರವೆಂದು ನಂಬಲಾದದ್ದನ್ನು 944ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರಕ್ಕೆ ಮೆರವಣಿಗೆಯಲ್ಲಿ ತಂದರು. ಇಂತಹ ಚಿತ್ರಗಳಿಗೆ ಗ್ರೀಕ್ ಭಾಷೆಯಲ್ಲಿ 'ಅಖೈರೊಪೊಯೆಟಾ' ಎಂದು ಹೆಸರು. ಕೈಗಳಿಂದ ಮಾಡಲ್ಪಡದವು ಎಂದು ಅದರ ಅರ್ಥ.

ಪ್ರಿಯ ಓದುಗರೇ, ಇಂದು ಇನ್ನೊಂದು ಬಗೆಯಲ್ಲಿ 'ಕೈಗಳಿಂದ ಮಾಡಲ್ಪಡದ' ಚಿತ್ರಗಳು ನಮ್ಮ ಮನೆಗಳಿಗೆ ಬರುತ್ತಿವೆ. ಮೊಬೈಲಿನಲ್ಲಿ ನಾಲ್ಕು ಮಾತು ಬರೆದರೆ ಸಾಕು, ಅರೆನಿಮಿಷದಲ್ಲಿ ಗೋದಲಿ ಸಿದ್ಧ, ಸಂತ ಅಂತೋಣಿಯವರು ಸಿದ್ಧ, ಹಬ್ಬದ ಆಮಂತ್ರಣ ಪತ್ರಿಕೆಗೆ ದೇವದೂತರೂ ಸಿದ್ಧ. ಕುಂಚವಿಲ್ಲ, ಬಣ್ಣವಿಲ್ಲ, ಕಲಾವಿದನಿಲ್ಲ. ಇದನ್ನು ಕೃತಕ ಬುದ್ಧಿಮತ್ತೆಯ ವರವೆಂದು ಕೆಲವರು ಸಂಭ್ರಮಿಸುತ್ತಾರೆ, ಶಾಪವೆಂದು ಕೆಲವರು ಮೂಗು ಮುರಿಯುತ್ತಾರೆ. ತೀರ್ಪು ಕೊಡುವ ಅವಸರಕ್ಕಿಂತ ಮೊದಲು ಇತಿಹಾಸದ ಪುಟಗಳನ್ನು ತಿರುವಿ ನೋಡುವುದು ಲೇಸು. ಏಕೆಂದರೆ ಯಂತ್ರ ಹೊಸದಾದರೂ ಅದು ಎತ್ತುವ ಪ್ರಶ್ನೆಗಳು ಹೊಸವಲ್ಲ. ಐದು ಶತಮಾನಗಳ ಹಿಂದೆ ಒಬ್ಬ ಕಲಾವಿದ ಮಾತೆ ಮರಿಯಮ್ಮನವರ ಚಿತ್ರಗಳ ನಿಮಿತ್ತವಾಗಿಯೇ ಈ ಪ್ರಶ್ನೆಯನ್ನು ಎತ್ತಿದ್ದನು.

ವೆನಿಸ್ ನಗರದಲ್ಲೊಂದು ದೂರು

ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದ ಆಲ್ಬ್ರೆಖ್ಟ್ ಡ್ಯೂರರ್ (1471-1528) ಮರದ ಹಲಗೆಯಲ್ಲಿ ಚಿತ್ರ ಕೊರೆದು ಅಚ್ಚು ಹಾಕುವ ಕಲೆಯನ್ನು ಅತ್ಯುನ್ನತ ಮಟ್ಟಕ್ಕೇರಿಸಿದವನು. ಮಾತೆ ಮರಿಯಮ್ಮನವರ ಜೀವನವನ್ನು ನಿರೂಪಿಸುವ ಅವನ ಚಿತ್ರಮಾಲೆ ಯೂರೋಪಿನಲ್ಲೆಲ್ಲ ಹೆಸರಾಯಿತು. ಪ್ರತಿಯೊಂದು ಚಿತ್ರದಲ್ಲಿಯೂ ಅವನು ತನ್ನ ಹೆಸರಿನ ಎರಡು ಮೊದಲಕ್ಷರಗಳನ್ನು, ಅಂದರೆ 'ಎ' ಅಕ್ಷರದ ಕಾಲುಗಳ ನಡುವೆ 'ಡಿ' ಅಕ್ಷರವನ್ನು ಇರಿಸಿ ಮುದ್ರೆಯಂತೆ ಕೆತ್ತುತ್ತಿದ್ದನು. ಕೊಳ್ಳುವವರಿಗೆ ಆ ಮುದ್ರೆಯೇ ಭರವಸೆ.

ಬೊಲೋನ್ಯದವನಾದ ಮಾರ್ಕಾಂತೋನಿಯೊ ರೈಮಂಡಿ ಎಂಬ ಪ್ರತಿಭಾವಂತ ಕೆತ್ತನೆಗಾರನು ಈ ಮಾಲೆಯ ಹೆಚ್ಚಿನ ಚಿತ್ರಗಳನ್ನು ತಾಮ್ರದ ತಗಡಿನ ಮೇಲೆ ಯಥಾವತ್ತಾಗಿ ನಕಲು ಮಾಡಿದನು. ಚಿತ್ರವನ್ನು ಮಾತ್ರವಲ್ಲ, ಡ್ಯೂರರನ ಮುದ್ರೆಯನ್ನೂ ಬಿಡದೆ ಕೆತ್ತಿದನು. ಕಲಾವಿದರ ಚರಿತ್ರೆಯನ್ನು ಬರೆದ ವಸಾರಿಯು ಹೇಳುವ ಪ್ರಕಾರ ಡ್ಯೂರರ್ ಕೆರಳಿ ವೆನಿಸ್ ನಗರದ ಆಡಳಿತಕ್ಕೆ ದೂರು ಕೊಟ್ಟನು. ಆದರೆ ಅವನಿಗೆ ದೊರೆತ ನ್ಯಾಯ ಇಷ್ಟೆ: ಮಾರ್ಕಾಂತೋನಿಯೊ ಇನ್ನು ಮುಂದೆ ಡ್ಯೂರರನ ಮುದ್ರೆಯನ್ನು ಬಳಸಕೂಡದು. ಚಿತ್ರವನ್ನು ನಕಲು ಮಾಡಬಾರದೆಂದು ಯಾರೂ ಹೇಳಲಿಲ್ಲ. ಹೆಸರು ಡ್ಯೂರರನದು, ಶ್ರಮ ಮಾತ್ರ ಯಾರು ಬೇಕಾದರೂ ಬಾಚಿಕೊಳ್ಳಬಹುದಾದದ್ದು ಎಂಬಂತಾಯಿತು. 1511ರಲ್ಲಿ ಆ ಮಾಲೆಯನ್ನು ಪುಸ್ತಕ ರೂಪದಲ್ಲಿ ಪ್ರಕಟಿಸಿದಾಗ ಡ್ಯೂರರ್ ಅದರ ಕೊನೆಯಲ್ಲಿ, ಅನ್ಯರ ಶ್ರಮವನ್ನೂ ಬುದ್ಧಿಯನ್ನೂ ಕದಿಯುವವರಿಗೆ ಕಟುವಾದ ಎಚ್ಚರಿಕೆಯನ್ನು ಅಚ್ಚು ಹಾಕಿಸಿದನು. ಚಕ್ರವರ್ತಿ ಮ್ಯಾಕ್ಸಿಮಿಲಿಯನನ ರಕ್ಷಣೆ ತನಗಿದೆಯೆಂದೂ ಸಾರಿದನು.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಇದೇ ಮಾರ್ಕಾಂತೋನಿಯೊ ಮುಂದೆ ರೋಮಿಗೆ ಹೋಗಿ ಮಹಾಕಲಾವಿದ ರಫೇಲನ ಜೊತೆ ಕೆಲಸ ಮಾಡಿದನು. ರಫೇಲನು ರೇಖಾಚಿತ್ರಗಳನ್ನು ಕೊಡುತ್ತಿದ್ದನು, ಮಾರ್ಕಾಂತೋನಿಯೊ ಅವುಗಳನ್ನು ತಾಮ್ರದಲ್ಲಿ ಕೆತ್ತುತ್ತಿದ್ದನು. ರಫೇಲನ ಕಲ್ಪನೆ ಯೂರೋಪಿನ ಮೂಲೆಮೂಲೆಗೆ ತಲುಪಿದ್ದು ಈ ಸಹಯೋಗದ ಫಲವಾಗಿ. ಅದೇ ಕೈ, ಅದೇ ಉಳಿ, ಅದೇ ತಾಮ್ರ. ಒಂದೆಡೆ ಅದು ಕಳವು ಎನಿಸಿತು, ಮತ್ತೊಂದೆಡೆ ಸೇವೆ ಎನಿಸಿತು. ವ್ಯತ್ಯಾಸವಿದ್ದುದು ಉಪಕರಣದಲ್ಲಲ್ಲ, ಒಪ್ಪಿಗೆಯಲ್ಲಿ, ಪರಸ್ಪರ ಗೌರವದಲ್ಲಿ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಸಾಗೋಣ.

ಕಾನೂನು ಮತ್ತು ಕ್ಯಾಮೆರಾ

ಡ್ಯೂರರನಿಗೆ ಸಿಗದ ನ್ಯಾಯಕ್ಕಾಗಿ ಕಲಾಲೋಕ ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಾಯಬೇಕಾಯಿತು. ಇಂಗ್ಲೆಂಡಿನ ವಿಲಿಯಂ ಹೊಗಾರ್ತ್ 1732ರಲ್ಲಿ ಪ್ರಕಟಿಸಿದ ಚಿತ್ರಮಾಲೆಯೊಂದು ಜನಪ್ರಿಯವಾದಾಗ ಲಂಡನ್ನಿನ ಅಂಗಡಿಗಳಲ್ಲಿ ಅದರ ಅಗ್ಗದ ನಕಲುಗಳು ತುಂಬಿಹೋದವು. ಹೊಗಾರ್ತ್ ಸುಮ್ಮನಿರಲಿಲ್ಲ. ಸಂಗಡಿಗ ಕಲಾವಿದರನ್ನು ಕೂಡಿಕೊಂಡು ಸಂಸತ್ತಿಗೆ ಮನವಿ ಸಲ್ಲಿಸಿದನು. ಅದರ ಫಲವಾಗಿ 1735ರ ಕೆತ್ತನೆಗಾರರ ಕಾಯ್ದೆ ಬಂದಿತು. ಚಿತ್ರಗಳಿಗೆ ಹದಿನಾಲ್ಕು ವರ್ಷಗಳ ರಕ್ಷಣೆ ದೊರೆಯಿತು. ಆ ಕಾಯ್ದೆ ಜಾರಿಗೆ ಬರುವ ಜೂನ್ 25ರವರೆಗೆ ಹೊಗಾರ್ತ್ ತನ್ನ ಮುಂದಿನ ಚಿತ್ರಮಾಲೆಯನ್ನು ಹೊರಬಿಡದೆ ತಡೆಹಿಡಿದಿದ್ದನು. ಚಿತ್ರ ಬರೆಯುವವನ ಅನ್ನಕ್ಕೂ ಒಂದು ಹಕ್ಕಿದೆಯೆಂದು ಕಾನೂನು ಒಪ್ಪಿಕೊಂಡ ಮಹತ್ವದ ಘಳಿಗೆಯದು.

ಮುಂದಿನ ದೊಡ್ಡ ಬಿರುಗಾಳಿ ಫೋಟೋಗ್ರಫಿ. 1839ರ ಆಗಸ್ಟ್ 19ರಂದು ಫ್ರಾನ್ಸ್ ಸರ್ಕಾರವು ದಾಗೇರನ ವಿಧಾನವನ್ನು ಜಗತ್ತಿನ ಮುಂದೆ ಬಿಚ್ಚಿಟ್ಟಿತು. ಅಂಗೈಯಗಲದ ಭಾವಚಿತ್ರಗಳನ್ನು ಬರೆದು ಜೀವಿಸುತ್ತಿದ್ದ ವರ್ಣಚಿತ್ರಕಾರರ ಕಸುಬು ಕೆಲವೇ ದಶಕಗಳಲ್ಲಿ ಬಡವಾಯಿತು. ಹಲವರು ಬಣ್ಣದ ಪೆಟ್ಟಿಗೆಯನ್ನು ಮುಚ್ಚಿ ಕ್ಯಾಮೆರಾ ಹಿಡಿದರು, ಕೆಲವರು ಫೋಟೋಗಳಿಗೆ ಬಣ್ಣ ತುಂಬುವ ಕೆಲಸಕ್ಕಿಳಿದರು. ಆದರೆ ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಆ ವಿಧಾನವನ್ನು ಲೋಕಕ್ಕೆ ಬಿಟ್ಟುಕೊಡುವ ಮೊದಲು ಸರ್ಕಾರವು ದಾಗೇರನಿಗೂ, ಅವನ ಜೊತೆಗಾರನಾಗಿದ್ದು ತೀರಿಕೊಂಡಿದ್ದ ನಿಯೆಪ್ಸನ ಮಗನಿಗೂ ಜೀವಮಾನದ ವರ್ಷಾಶನವನ್ನು ಗೊತ್ತುಮಾಡಿತು. ಎಲ್ಲರಿಗೂ ಉಪಯೋಗವಾಗುವ ವಸ್ತುವಿನ ಹಿಂದೆ ದುಡಿದವರ ಋಣವನ್ನು ಯಾರಾದರೂ ತೀರಿಸಬೇಕೆಂಬ ಅರಿವು ಅಲ್ಲಿತ್ತು.

ಯಂತ್ರ ತೆಗೆದ ಚಿತ್ರಕ್ಕೆ ಕರ್ತೃವುಂಟೆ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು 1884ರಲ್ಲಿ. ನೆಪೋಲಿಯನ್ ಸರೋನಿ ಎಂಬ ಛಾಯಾಗ್ರಾಹಕನು ಸಾಹಿತಿ ಆಸ್ಕರ್ ವೈಲ್ಡ್ ಅವರ ಫೋಟೋ ತೆಗೆದಿದ್ದನು. ಮುದ್ರಣ ಸಂಸ್ಥೆಯೊಂದು ಅವನನ್ನು ಕೇಳದೆ ಅದರ ಸಾವಿರಾರು ಪ್ರತಿಗಳನ್ನು ಅಚ್ಚು ಹಾಕಿತ್ತು. ಫೋಟೋ ಎಂಬುದು ಯಂತ್ರದ ಕೆಲಸ, ಅದಕ್ಕೆ ಕರ್ತೃವೆಲ್ಲಿ ಎಂದು ಆ ಸಂಸ್ಥೆ ವಾದಿಸಿತು. ನ್ಯಾಯಾಲಯ ಒಪ್ಪಲಿಲ್ಲ. ವ್ಯಕ್ತಿಯನ್ನು ಕೂರಿಸಿದ ಭಂಗಿ, ಉಡುಪು, ಬೆಳಕು ನೆರಳು, ಮುಖಭಾವ ಇವೆಲ್ಲ ಸರೋನಿಯ ಮನಸ್ಸಿನಲ್ಲಿ ಮೂಡಿದ ಕಲ್ಪನೆಯ ಫಲ. ಆದ್ದರಿಂದ ಅವನೇ ಕರ್ತೃ ಎಂದು ತೀರ್ಪಾಯಿತು. ಯಂತ್ರದ ಹಿಂದೆ ಮನುಷ್ಯನ ಮನಸ್ಸನ್ನು ಹುಡುಕುವ ಈ ಕ್ರಮವೇ ಇಂದಿನವರೆಗೂ ನ್ಯಾಯಾಲಯಗಳಿಗೆ ದಾರಿದೀಪವಾಗಿದೆ.

ಯಂತ್ರಕ್ಕೆ ಕಲಿಸಿದವರು ಯಾರು?

ಗಣಕಯಂತ್ರ ಚಿತ್ರ ಬರೆಯತೊಡಗಿದ್ದು ನಿನ್ನೆ ಮೊನ್ನೆಯಲ್ಲ. ಬ್ರಿಟನ್ನಿನ ವರ್ಣಚಿತ್ರಕಾರ ಹೆರಾಲ್ಡ್ ಕೋಹೆನ್ 1970ರ ದಶಕದ ಆದಿಯಲ್ಲಿಯೇ 'ಆರನ್' ಎಂಬ ಹೆಸರಿನ ಗಣಕ ಕಾರ್ಯಕ್ರಮವನ್ನು ರಚಿಸಲಾರಂಭಿಸಿದರು. ಗೆರೆ ಹೇಗಿರಬೇಕು, ಆಕೃತಿ ಹೇಗೆ ಮುಚ್ಚಿಕೊಳ್ಳಬೇಕು ಎಂಬ ನಿಯಮಗಳನ್ನು ತಾವೇ ಒಂದೊಂದಾಗಿ ಬರೆದರು. 2016ರಲ್ಲಿ ನಿಧನರಾಗುವವರೆಗೂ ಅದನ್ನು ತಿದ್ದುತ್ತಲೇ ಇದ್ದರು. ಆ ಯಂತ್ರಕ್ಕೊಬ್ಬ ಗುರುವಿದ್ದರು, ಗುರುವಿಗೊಂದು ಹೆಸರಿತ್ತು.

2014ರ ನಂತರ ಚಿತ್ರ ಬದಲಾಯಿತು. ಇಯಾನ್ ಗುಡ್‌ಫೆಲೋ ಮತ್ತು ಸಂಗಡಿಗರು ಆ ವರ್ಷ ಪ್ರಕಟಿಸಿದ ವಿಧಾನದಲ್ಲಿ ಯಂತ್ರಕ್ಕೆ ಯಾರೂ ನಿಯಮ ಹೇಳಿಕೊಡುವುದಿಲ್ಲ. ಅದು ರಾಶಿ ರಾಶಿ ಚಿತ್ರಗಳನ್ನು ನೋಡಿ ತಾನೇ ಕಲಿಯುತ್ತದೆ. 2018ರ ಅಕ್ಟೋಬರಿನಲ್ಲಿ ಈ ಬಗೆಯ ಭಾವಚಿತ್ರವೊಂದು ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ 4,32,500 ಡಾಲರಿಗೆ ಮಾರಾಟವಾಯಿತು. 'ಎಡ್ಮಂಡ್ ದ ಬೆಲಾಮಿ' ಎಂಬ, ಎಂದೂ ಬದುಕಿರದ ಗೃಹಸ್ಥನ ಭಾವಚಿತ್ರವದು. ಫ್ರಾನ್ಸಿನ ಮೂವರು ಯುವಕರು ಹಿಂದಿನ ಶತಮಾನಗಳ ಸುಮಾರು 15,000 ಭಾವಚಿತ್ರಗಳನ್ನು ಯಂತ್ರಕ್ಕೆ ತೋರಿಸಿ ಅದನ್ನು ಪಡೆದಿದ್ದರು. ಅವರು ಆಧರಿಸಿದ್ದ ಗಣಕ ಸಂಕೇತದ ಬಹುಭಾಗವನ್ನು ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದವನು ರಾಬಿ ಬರ್ರಾಟ್ ಎಂಬ ಮತ್ತೊಬ್ಬ ತರುಣ. ಹಣವಾಗಲಿ ಕೀರ್ತಿಯಾಗಲಿ ಅವನ ಪಾಲಿಗೆ ಬರಲಿಲ್ಲ. ಚಿತ್ರದ ಕೆಳಗಡೆ ಕಲಾವಿದನ ಸಹಿಯಿರಬೇಕಾದ ಜಾಗದಲ್ಲಿ ಏನಿತ್ತು ಗೊತ್ತೆ? ಒಂದು ಗಣಿತ ಸೂತ್ರ! ಡ್ಯೂರರನ ಕಾಲದಲ್ಲಿ ನಕಲು ಮಾಡಿದವನು ಅನ್ಯನ ಹೆಸರನ್ನು ಕದ್ದಿದ್ದನು. ಇಲ್ಲಿ ಹೆಸರುಗಳೇ ಅಳಿಸಿಹೋಗಿದ್ದವು.

2022ರಲ್ಲಿ ಅಣೆಕಟ್ಟೆಯೇ ಒಡೆದಂತಾಯಿತು. ಡಾಲ್-ಇ ಯಂತ್ರದ ಎರಡನೆಯ ಆವೃತ್ತಿ, ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್ ಇವೆಲ್ಲವೂ ಒಂದೇ ವರ್ಷದಲ್ಲಿ ಹೊರಬಂದವು. ಇವು ಕಲಿಯುವ ಬಗೆಯನ್ನು ಸರಳವಾಗಿ ಹೀಗೆ ಹೇಳಬಹುದು: ಒಂದು ಚಿತ್ರದ ಮೇಲೆ ಹಿಡಿ ಹಿಡಿಯಾಗಿ ಮರಳು ಎರಚುತ್ತ ಹೋದರೆ ಕೊನೆಗೆ ಮರಳಲ್ಲದೆ ಬೇರೇನೂ ಕಾಣುವುದಿಲ್ಲ. ಆ ಮರಳನ್ನು ಹೆಜ್ಜೆ ಹೆಜ್ಜೆಯಾಗಿ ತೆಗೆಯುವುದನ್ನು ಯಂತ್ರಕ್ಕೆ ಕೋಟಿ ಕೋಟಿ ಸಲ ಅಭ್ಯಾಸ ಮಾಡಿಸುತ್ತಾರೆ. ಕಡೆಗೆ ಬರಿಯ ಮರಳನ್ನು ಮುಂದಿಟ್ಟು 'ಕುರಿಗಳನ್ನು ಕಾಯುವ ಬಾಲಕ' ಎಂದು ಹೇಳಿದರೆ, ಇಲ್ಲದ ಬಾಲಕನನ್ನು ಅದು ಮರಳಿನಿಂದ ಹೊರತೆಗೆಯುತ್ತದೆ. ಈ ಅಭ್ಯಾಸಕ್ಕೆ ಬೇಕಾದ ಚಿತ್ರಗಳು ಎಲ್ಲಿಂದ ಬಂದವು? ಸ್ಟೇಬಲ್ ಡಿಫ್ಯೂಷನ್ ಯಂತ್ರಕ್ಕೆ ಪಾಠವಾದದ್ದು ಲಯಾನ್ ಎಂಬ ಸಂಸ್ಥೆ ಸಿದ್ಧಪಡಿಸಿದ ಪಟ್ಟಿ. ಅದರಲ್ಲಿದ್ದುದು ಅಂತರ್ಜಾಲದಿಂದ ಹೆಕ್ಕಿದ 585 ಕೋಟಿ ಚಿತ್ರಗಳ ವಿಳಾಸಗಳು ಮತ್ತು ಅವುಗಳ ವಿವರಣೆಗಳು. ಅವುಗಳಿಂದ ಆರಿಸಿದ ಭಾಗಗಳಿಂದ ಯಂತ್ರ ಕಲಿಯಿತು. ಆ ಚಿತ್ರಗಳಲ್ಲಿ ಕಲಾವಿದರ ಕೃತಿಗಳಿದ್ದವು, ಪತ್ರಿಕಾ ಛಾಯಾಗ್ರಾಹಕರ ದುಡಿಮೆಯಿತ್ತು, ಸಂಸಾರವಂದಿಗರ ಮನೆಯ ಫೋಟೋಗಳಿದ್ದವು. ತನ್ನ ವೈದ್ಯನು ಚಿಕಿತ್ಸೆಗೆಂದು ತೆಗೆದಿದ್ದ ಮುಖದ ಫೋಟೋ ಆ ಪಟ್ಟಿಯಲ್ಲಿರುವುದನ್ನು ಕಂಡು 2022ರಲ್ಲಿ ಒಬ್ಬ ಕಲಾವಿದೆ ಬೆಚ್ಚಿಬಿದ್ದಳು. 2023ರ ಡಿಸೆಂಬರಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳೂ ಅದರಲ್ಲಿ ಸೇರಿದ್ದನ್ನು ಪತ್ತೆಮಾಡಿದಾಗ ಆ ಪಟ್ಟಿಯನ್ನು ಹಿಂತೆಗೆದುಕೊಂಡು ಶೋಧಿಸಬೇಕಾಯಿತು.

ಹಾಗಾದರೆ 'ಕೈಗಳಿಂದ ಮಾಡಲ್ಪಡದ' ಚಿತ್ರವೆಂಬ ಮಾತು ನಿಜವೆ? ನಿಜವಾಗಿ ನೋಡಿದರೆ ಇದಕ್ಕಿಂತ ಹೆಚ್ಚು ಕೈಗಳು ಸೇರಿದ ಚಿತ್ರ ಇತಿಹಾಸದಲ್ಲಿಯೇ ಇಲ್ಲ. ಕೋಟ್ಯಂತರ ಕೈಗಳು ಅದರಲ್ಲಿವೆ. ಆದರೆ ಒಂದು ಕೈಯೂ ನಮಗೆ ಕಾಣುವುದಿಲ್ಲ.

ಮತ್ತೆ ಅದೇ ಮುದ್ರೆ

2022ರ ಆಗಸ್ಟಿನಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಜಾತ್ರೆಯ ಚಿತ್ರಕಲಾ ಸ್ಪರ್ಧೆಯಲ್ಲಿ ಡಿಜಿಟಲ್ ಕಲೆಯ ವಿಭಾಗದ ಮೊದಲ ಬಹುಮಾನ ಜೇಸನ್ ಆಲೆನ್ ಎಂಬುವರಿಗೆ ಬಂದಿತು. ಬಹುಮಾನದ ಮೊತ್ತ 300 ಡಾಲರ್ ಮಾತ್ರ; ಎದ್ದ ಗದ್ದಲ ಮಾತ್ರ ಲೋಕವ್ಯಾಪಿ. ಏಕೆಂದರೆ ಚಿತ್ರವನ್ನು ರಚಿಸಿದ್ದು ಮಿಡ್‌ಜರ್ನಿ. ಆರುನೂರಕ್ಕೂ ಹೆಚ್ಚು ಬಾರಿ ಸೂಚನೆಗಳನ್ನು ತಿದ್ದಿ ತಿದ್ದಿ ಬರೆದೆನೆಂದು ಅವರು ವಾದಿಸಿದರೂ ಅಮೆರಿಕದ ಕೃತಿಸ್ವಾಮ್ಯ ಕಚೇರಿ 2023ರಲ್ಲಿ ಅವರ ಕೋರಿಕೆಯನ್ನು ತಳ್ಳಿಹಾಕಿತು. ಯಂತ್ರವನ್ನೇ ಕರ್ತೃವೆಂದು ನಮೂದಿಸಬೇಕೆಂದು ಕೋರಿದ ಸ್ಟೀಫನ್ ಥೇಲರ್ ಅವರ ಮೊಕದ್ದಮೆಯಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು 2025ರ ಮಾರ್ಚಿನಲ್ಲಿ, ಕರ್ತೃವಾಗಲು ಮನುಷ್ಯನೇ ಆಗಿರಬೇಕೆಂದು ಹೇಳಿತು. ನಮ್ಮ ದೇಶದಲ್ಲಿಯೂ 2020ರಲ್ಲಿ 'ಸೂರ್ಯಾಸ್ತ' ಎಂಬ ಚಿತ್ರಕ್ಕೆ ವಕೀಲರೊಬ್ಬರ ಜೊತೆಗೆ 'ರಾಘವ' ಎಂಬ ಯಂತ್ರವನ್ನೂ ಸಹಕರ್ತೃವೆಂದು ನೋಂದಾಯಿಸಲಾಗಿತ್ತು. ಮರುವರ್ಷವೇ ಕೃತಿಸ್ವಾಮ್ಯ ಕಚೇರಿ ಅದನ್ನು ಹಿಂತೆಗೆದುಕೊಳ್ಳುವ ನೋಟೀಸು ಕಳುಹಿಸಿತು.

ಕರ್ತೃತ್ವದ ಪ್ರಶ್ನೆಗಿಂತ ನೋವಿನ ಪ್ರಶ್ನೆ ದುಡಿಮೆಯದು. 2023ರ ಜನವರಿಯಲ್ಲಿ ಸಾರಾ ಆಂಡರ್ಸನ್, ಕೆಲ್ಲಿ ಮೆಕರ್ನನ್, ಕಾರ್ಲಾ ಓರ್ಟಿಜ್ ಎಂಬ ಮೂವರು ಕಲಾವಿದರು ಅಮೆರಿಕದಲ್ಲಿ ಮೊಕದ್ದಮೆ ಹೂಡಿದರು. ತಮ್ಮನ್ನು ಕೇಳದೆ, ತಮಗೊಂದು ಕಾಸೂ ಕೊಡದೆ ತಮ್ಮ ಕೃತಿಗಳಿಂದ ಯಂತ್ರಕ್ಕೆ ಪಾಠ ಮಾಡಿಸಿ, ಅದೇ ಯಂತ್ರವನ್ನು ತಮ್ಮ ಹೊಟ್ಟೆಯ ಮೇಲೆ ಹೊಡೆಯಲು ಬಳಸಲಾಗುತ್ತಿದೆ ಎಂಬುದು ಅವರ ಅಳಲು. ಪೋಲೆಂಡಿನ ಗ್ರೆಗ್ ರುಟ್ಕೌಸ್ಕಿ ಎಂಬ ಚಿತ್ರಕಾರರ ಹೆಸರನ್ನು ಸೂಚನೆಯಲ್ಲಿ ಸೇರಿಸಿ ಅವರ ಶೈಲಿಯನ್ನು ಬೇಡಿದವರು ಎಷ್ಟು ಮಂದಿಯೆಂದರೆ, ಅಂತರ್ಜಾಲದಲ್ಲಿ ಅವರ ಹೆಸರು ಹುಡುಕಿದರೆ ಅವರು ಬರೆಯದ ಚಿತ್ರಗಳೇ ಸಿಗತೊಡಗಿದವು. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ, ಯಂತ್ರಗಳು ಒಬ್ಬನ ಶೈಲಿಯನ್ನು ಅನುಕರಿಸದಂತೆ ಚಿತ್ರಕ್ಕೆ ಕಣ್ಣಿಗೆ ಕಾಣದ ಕವಚ ತೊಡಿಸುವ 'ಗ್ಲೇಜ್' ಎಂಬ ಸಾಧನವನ್ನು ಕಲಾವಿದರಿಗೆ ಉಚಿತವಾಗಿ ಕೊಟ್ಟರು. ಹಾಗಿದ್ದರೂ 2025ರ ಮಾರ್ಚಿನಲ್ಲಿ ಜಪಾನಿನ ಜಿಬ್ಲಿ ಸ್ಟುಡಿಯೋದ ಶೈಲಿಯಲ್ಲಿ ತಮ್ಮ ಫೋಟೋಗಳನ್ನು ಮಾರ್ಪಡಿಸಿಕೊಳ್ಳುವ ಹುಚ್ಚು ಜಗತ್ತನ್ನೇ ಆವರಿಸಿತು. ಕೈಯಿಂದ ಒಂದೊಂದೇ ಚಿತ್ರ ಬರೆದು ಚಲನಚಿತ್ರ ಮಾಡುವ ಹಯಾವೊ ಮಿಯಾಜಾಕಿ ಮತ್ತು ಸಂಗಡಿಗರ ದಶಕಗಳ ತಪಸ್ಸು ಒಂದು ವಾರದ ಮೋಜಾಯಿತು.

ಈಗ ಲಂಡನ್ನಿನ ಒಂದು ತೀರ್ಪನ್ನು ನೋಡಿ. ಗೆಟ್ಟಿ ಇಮೇಜಸ್ ಎಂಬ ಛಾಯಾಚಿತ್ರ ಸಂಸ್ಥೆಯು ತನ್ನ ಲಕ್ಷಾಂತರ ಚಿತ್ರಗಳನ್ನು ಬಳಸಿಕೊಳ್ಳಲಾಗಿದೆಯೆಂದು ಸ್ಟೆಬಿಲಿಟಿ ಎಐ ಸಂಸ್ಥೆಯ ಮೇಲೆ ದಾವೆ ಹೂಡಿತ್ತು. ಯಂತ್ರಕ್ಕೆ ಪಾಠ ಮಾಡಿಸಿದ್ದು ಬ್ರಿಟನ್ನಿನಲ್ಲೇ ಎಂಬುದಕ್ಕೆ ಪುರಾವೆಯಿಲ್ಲದ್ದರಿಂದ ಗೆಟ್ಟಿ ಆ ಆರೋಪವನ್ನು ವಿಚಾರಣೆಯ ನಡುವೆಯೇ ಕೈಬಿಟ್ಟಿತು. 2025ರ ನವೆಂಬರ್ 4ರಂದು ಹೈಕೋರ್ಟು, ಯಂತ್ರವು ತನ್ನೊಳಗೆ ಚಿತ್ರಗಳ ಪ್ರತಿಗಳನ್ನು ಇಟ್ಟುಕೊಂಡಿಲ್ಲವಾದ್ದರಿಂದ ಯಂತ್ರವೇ ಒಂದು ಅಕ್ರಮ ನಕಲು ಎಂಬ ವಾದವನ್ನು ಒಪ್ಪಲಿಲ್ಲ. ಗೆಟ್ಟಿ ಗೆದ್ದದ್ದು ಒಂದು ಸಣ್ಣ ವಿಷಯದಲ್ಲಿ: ಯಂತ್ರದ ಹಳೆಯ ಆವೃತ್ತಿಗಳು ಹೊರಹಾಕಿದ ಕೆಲವು ಚಿತ್ರಗಳ ಮೇಲೆ ಗೆಟ್ಟಿಯ ವ್ಯಾಪಾರ ಮುದ್ರೆ ಮಸುಕು ಮಸುಕಾಗಿ ಮೂಡಿತ್ತು. ಅದು ತಪ್ಪೆಂದು ನ್ಯಾಯಾಲಯ ಹೇಳಿತು. ಸುಮಾರು ಐದು ನೂರು ವರ್ಷಗಳ ಬಳಿಕ ಮತ್ತೆ ವೆನಿಸ್ ನಗರಕ್ಕೇ ಬಂದು ನಿಂತಂತಾಯಿತಲ್ಲವೆ? ಮುದ್ರೆಯನ್ನು ಬಳಸಬೇಡ, ಉಳಿದದ್ದರ ಕುರಿತು ಮೌನ.

ಕಾನೂನು ನಿಧಾನವಾಗಿ ನಡೆಯುತ್ತದೆ. ಡ್ಯೂರರನಿಂದ ಹೊಗಾರ್ತನವರೆಗೆ ಅದು ಎರಡು ಶತಮಾನ ತೆಗೆದುಕೊಂಡಿತು. ಆದರೆ ಮನಸ್ಸಾಕ್ಷಿ ಕಾನೂನಿಗಾಗಿ ಕಾಯಬೇಕಿಲ್ಲ. ಹೊಲ ಕೊಯ್ದವರ ಕೂಲಿಯನ್ನು ಹಿಡಿದಿಟ್ಟುಕೊಂಡರೆ ಆ ಕೂಲಿಯೇ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಕೋಬರ ಪತ್ರ ಎಚ್ಚರಿಸುವುದು ಯಾವುದೇ ಕಾಯ್ದೆಯ ಆಧಾರದ ಮೇಲಲ್ಲ. ಮೊದಲ ಕೈಗಾರಿಕಾ ಕ್ರಾಂತಿಯ ಕಾಲದಲ್ಲಿ, 1891ರಲ್ಲಿ, ವಿಶ್ವಗುರು ಹದಿಮೂರನೆಯ ಲಿಯೋ ಅವರು ಕಾರ್ಮಿಕರ ಪರವಾಗಿ ವಿಶ್ವಪತ್ರ ಬರೆದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ವಿಶ್ವಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡದ್ದಕ್ಕೆ ಕಾರಣ ಹೇಳುತ್ತ ಆ ವಿಶ್ವಪತ್ರವನ್ನು ಸ್ಮರಿಸಿ, ಇಂದಿನ ಕೃತಕ ಬುದ್ಧಿಮತ್ತೆಯೂ ಮನುಷ್ಯನ ಘನತೆ, ನ್ಯಾಯ ಮತ್ತು ದುಡಿಮೆಯ ಮುಂದೆ ಅಂತಹುದೇ ಸವಾಲನ್ನು ಒಡ್ಡಿದೆಯೆಂದು ಕಾರ್ಡಿನಲರಿಗೆ ತಿಳಿಸಿದರು.

ಕಂಡದ್ದೆಲ್ಲ ಸತ್ಯವೆ?

ಎರಡನೆಯ ಪ್ರಶ್ನೆ ಸತ್ಯದ್ದು. 2023ರ ಮಾರ್ಚಿನಲ್ಲಿ ವಿಶ್ವಗುರು ಫ್ರಾನ್ಸಿಸರು ದುಬಾರಿ ಬೆಲೆಯ ಬಿಳಿಯ ಉಬ್ಬು ಅಂಗಿ ತೊಟ್ಟು ನಡೆಯುತ್ತಿರುವ ಚಿತ್ರವೊಂದು ಲೋಕವನ್ನೆಲ್ಲ ಸುತ್ತಿತು. ಬಹಳ ಮಂದಿ ಅದನ್ನು ನಂಬಿದರು. ಅದು ಮಿಡ್‌ಜರ್ನಿಯ ಸೃಷ್ಟಿ. ಮುಂದಿನ ವರ್ಷದ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಅವರು ಹುಸಿ ಚಿತ್ರಗಳ ಅಪಾಯವನ್ನು ಎತ್ತಿಹೇಳುತ್ತ, ತಾವೂ ಅದಕ್ಕೆ ಗುರಿಯಾದುದನ್ನು ನೆನೆದರು. 2023ರ ಏಪ್ರಿಲಿನಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಎಂಬ ಛಾಯಾಗ್ರಾಹಕರು ಅಂತರರಾಷ್ಟ್ರೀಯ ಛಾಯಾಚಿತ್ರ ಸ್ಪರ್ಧೆಯೊಂದರಲ್ಲಿ ಪ್ರಶಸ್ತಿ ಗೆದ್ದು, ತಮ್ಮದು ಯಂತ್ರದ ಚಿತ್ರವೆಂದು ಹೇಳಿ ಅದನ್ನು ನಿರಾಕರಿಸಿದರು. ಬಲ್ಲವರ ಕಣ್ಣೂ ಮೋಸಹೋಗುವ ಕಾಲವಿದು.

ಆದರೆ ಚಿತ್ರವನ್ನು 'ಚೆನ್ನಾಗಿಸುವ' ಆಸೆ ನಮ್ಮ ಭಕ್ತಿಯೊಳಗೂ ಹಿಂದಿನಿಂದ ಇದೆ. ಲಿಸಿಯೂ ನಗರದ ಸಂತ ತೆರೇಸಮ್ಮನವರ ಅಕ್ಕ ಸೆಲೀನ್ 1894ರಲ್ಲಿ ಕಾರ್ಮೆಲ್ ಮಠವನ್ನು ಸೇರುವಾಗ ಕ್ಯಾಮೆರಾವನ್ನೂ ಜೊತೆಗೆ ಕೊಂಡೊಯ್ದರು. ಆದ್ದರಿಂದಲೇ ತೆರೇಸಮ್ಮನವರ ಅನೇಕ ನಿಜವಾದ ಫೋಟೋಗಳು ನಮಗೆ ಉಳಿದಿವೆ. ಆದರೆ 1897ರಲ್ಲಿ ಸಂತರು ತೀರಿಕೊಂಡ ಬಳಿಕ ಲೋಕಕ್ಕೆ ಹಂಚಿದ್ದು ಹೆಚ್ಚಾಗಿ ಆ ಫೋಟೋಗಳನ್ನಲ್ಲ. ಸೆಲೀನ್ ಅವರೇ ತಿದ್ದಿ ತೀಡಿದ, ಮೃದುಗೊಳಿಸಿದ ಚಿತ್ರಗಳನ್ನು. ಅವರ ಉದ್ದೇಶ ಪ್ರೀತಿಯದೇ. ಆದರೆ 1961ರಲ್ಲಿ ಕಾರ್ಮೆಲ್ ಸಭೆಯ ಗುರುಗಳೊಬ್ಬರು ಮೂಲ ಫೋಟೋಗಳನ್ನು ಪ್ರಕಟಿಸಿದಾಗ ಜನರು ಬೇರೊಬ್ಬ ತೆರೇಸಮ್ಮನನ್ನು ಕಂಡರು. ದೃಢವಾದ ಗದ್ದ, ನೇರವಾದ ನೋಟ, ಬಟ್ಟೆ ಒಗೆಯುವ ಕೈಗಳು. ಸಿಹಿಯಾದ ಚಿತ್ರಕ್ಕಿಂತ ಈ ಮುಖವೇ ಅವರ 'ಪುಟ್ಟ ದಾರಿ'ಯನ್ನು ಹೆಚ್ಚು ಸ್ಪಷ್ಟವಾಗಿ ಹೇಳುತ್ತಿತ್ತು.

787ರಲ್ಲಿ ಸೇರಿದ ನಿಸೇಯದ ಎರಡನೆಯ ಮಹಾಸಭೆಯು ಪವಿತ್ರ ಚಿತ್ರಗಳನ್ನು ಸಮರ್ಥಿಸುವಾಗ, ಚಿತ್ರಕ್ಕೆ ಸಲ್ಲುವ ಗೌರವ ಅದರ ಮೂಲಕ್ಕೆ ಸಲ್ಲುತ್ತದೆಂದು ಬೋಧಿಸಿತು. ಅಂದರೆ ಚಿತ್ರದ ಹಿಂದೆ ಬದುಕಿ ಬಾಳಿದ ಒಬ್ಬರಿರಬೇಕು. ಯಂತ್ರವು ಸಂತರನ್ನು ಬಲ್ಲುದಲ್ಲ. ಸಂತರೆಂದು ಹೆಸರಿಟ್ಟ ಸಾವಿರಾರು ಚಿತ್ರಗಳಿಗೆ ಸಮಾನವಾದ ಒಂದು ಮುಖವನ್ನು ಮಾತ್ರ ಬಲ್ಲುದು. ಫೋಟೋ ಲಭ್ಯವಿರುವ ಸಂತರಿಗೂ ಅದು ನುಣುಪಾದ ಕೆನ್ನೆಯನ್ನೇ ಕೊಡುತ್ತದೆ. ವ್ಯಾಟಿಕನ್ನಿನ ಎರಡು ಇಲಾಖೆಗಳು 2025ರ ಜನವರಿ 28ರಂದು ಹೊರಡಿಸಿದ 'ಆಂತೀಕ್ವಾ ಎತ್ ನೋವಾ' ಎಂಬ ಟಿಪ್ಪಣಿಯು ಕೃತಕ ಬುದ್ಧಿಮತ್ತೆಯನ್ನು ಮನುಷ್ಯ ಬುದ್ಧಿಯ ಇನ್ನೊಂದು ರೂಪವೆಂದು ಕಾಣದೆ ಮನುಷ್ಯ ಬುದ್ಧಿಯ ಒಂದು ಉತ್ಪನ್ನವೆಂದು ಕಾಣಬೇಕೆನ್ನುತ್ತದೆ. ಉತ್ಪನ್ನವಾದ ಮೇಲೆ ಅದರ ಹೊಣೆ ಮಾಡಿದವರದು, ಬಳಸುವವರದು, ಹಂಚುವವರದೂ ಹೌದು.

ಮಂಗಳೂರಿನ ಗೋಡೆಗಳು

ಒಂದು ಆಕ್ಷೇಪಣೆಯನ್ನು ಇಲ್ಲಿ ಪ್ರಾಮಾಣಿಕವಾಗಿ ಎದುರಿಸಬೇಕು. ಮನುಷ್ಯ ಕಲಾವಿದರೂ ಹಿಂದಿನವರನ್ನು ನೋಡಿಯೇ ಕಲಿಯುವುದಿಲ್ಲವೆ? ಯಂತ್ರ ಕಲಿತರೆ ಮಾತ್ರ ಏಕೆ ತಪ್ಪು?

ಉತ್ತರಕ್ಕೆ ದೂರ ಹೋಗಬೇಕಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಪ್ರಾರ್ಥನಾಲಯವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಅದರ ಗೋಡೆ ಮತ್ತು ಛಾವಣಿಗಳನ್ನು 1899ರಿಂದ 1901ರವರೆಗೆ ಚಿತ್ರಗಳಿಂದ ತುಂಬಿದವರು ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ. 1854ರಲ್ಲಿ ಇಟಲಿಯ ಬೆರ್ಗಾಮೊ ಬಳಿಯ ಸ್ತೆತ್ಸಾನೊ ಊರಿನಲ್ಲಿ ಹುಟ್ಟಿದ ಅವರು ಬೆರ್ಗಾಮೊದ ಕಲಾಶಾಲೆಯಲ್ಲಿ ಕಲಿತವರು. ಅವರ ಚಿತ್ರಗಳಲ್ಲಿ ಇಟಲಿಯ ಹಿರಿಯ ಕಲಾವಿದರ ಛಾಯೆಯಿರುವುದು ನಿಜ. ಆದರೆ ಆ ಕಲಿಕೆಗೆ ಅವರು ತಮ್ಮ ಆಯುಷ್ಯವನ್ನೇ ತೆತ್ತರು. ಗೋಡೆಯ ಹಸಿ ಗಾರೆ ಒಣಗುವ ಮುನ್ನ ಬಣ್ಣ ಹಚ್ಚಬೇಕು. ಅಟ್ಟಣೆಯ ಮೇಲೆ ನಿಂತು ಕರಾವಳಿಯ ಸೆಕೆಯಲ್ಲಿ ದುಡಿಯಬೇಕು. ಸ್ವದೇಶಕ್ಕೆ ಮರಳದೆ 1905ರಲ್ಲಿ ಕೊಚ್ಚಿಯಲ್ಲಿ ಅವರು ತೀರಿಕೊಂಡರು. ಗುರುಗಳಿಂದ ಪಡೆದದ್ದನ್ನು ಅವರು ಗುರುಗಳ ಅನ್ನವನ್ನು ಕಸಿಯಲು ಬಳಸಲಿಲ್ಲ. ಒಬ್ಬ ಮನುಷ್ಯ ಒಂದು ಬಾಳಿನಲ್ಲಿ ಕಲಿಯುವುದಕ್ಕೂ, ಒಂದು ಸಂಸ್ಥೆ ಕೋಟ್ಯಂತರ ಕೃತಿಗಳನ್ನು ಒಮ್ಮೆಗೇ ಬಾಚಿಕೊಂಡು ಆ ಕಲಾವಿದರಿಗೇ ಪ್ರತಿಸ್ಪರ್ಧಿಯಾಗಿ ಮಾರುಕಟ್ಟೆಗಿಳಿಯುವುದಕ್ಕೂ ಅಂತರವಿದೆ.

ಹಾಗೆಂದು ಯಂತ್ರವನ್ನು ಸೈತಾನನೆಂದು ಕರೆಯುವುದೂ ಸಲ್ಲದು. ಕೈಗಳಲ್ಲಿ ಬಲವಿಲ್ಲದವರು ತಮ್ಮ ಮನದ ಚಿತ್ರವನ್ನು ಕಾಣಲು ಅದು ನೆರವಾಗುತ್ತದೆ. ಕುಗ್ರಾಮದ ಉಪದೇಶಿಯು ಮಕ್ಕಳಿಗೆ ಕಳೆದುಹೋದ ಕುರಿಯ ಸಾಮತಿಯನ್ನು ತೋರಿಸಲು ಅದನ್ನು ಬಳಸಿದರೆ ಯಾರ ಅನ್ನಕ್ಕೂ ಕುಂದಿಲ್ಲ. ಮಾರ್ಕಾಂತೋನಿಯೊನ ಉಳಿಯನ್ನು ನೆನೆಯಿರಿ. ಕಲಾವಿದರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು, ಹೆಸರು ಹೇಳಿ ಕಲಿಸಿದ ಯಂತ್ರ ರಫೇಲನ ಜೊತೆಗಾರನಾಗಬಲ್ಲುದು.

ನಮ್ಮ ಧರ್ಮಕೇಂದ್ರಗಳಲ್ಲಿ

ಇದೆಲ್ಲ ದೂರದ ಮಾತಲ್ಲ. ನಮ್ಮ ಊರುಗಳಲ್ಲಿ ಹಬ್ಬದ ಬ್ಯಾನರ್ ಬರೆಯುವವರು, ಪ್ರತಿಮೆಗೆ ಬಣ್ಣ ಕೊಡುವವರು, ಗೋದಲಿಯ ಹಿನ್ನೆಲೆ ಚಿತ್ರಿಸುವವರು, ವಿವಾಹದ ಫೋಟೋ ತೆಗೆಯುವವರು ಇನ್ನೂ ಇದ್ದಾರೆ. ಕೈಬರಹದ ಬೋರ್ಡುಗಳು ಹೋಗಿ ಯಂತ್ರ ಮುದ್ರಿತ ಫ್ಲೆಕ್ಸ್ ಬಂದಾಗಲೇ ಇವರಲ್ಲಿ ಅನೇಕರು ಕೆಲಸ ಕಳೆದುಕೊಂಡರು. ಉಳಿದವರನ್ನಾದರೂ ನಾವು ಮರೆಯಬಾರದು. ಧರ್ಮಕೇಂದ್ರದ ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಮುಖಪುಟ ಬೇಕಾದಾಗ ಮೊಬೈಲಿಗೆ ಕೈಹಾಕುವ ಮೊದಲು, ನಮ್ಮ ಭಕ್ತವಿಶ್ವಾಸಿಗಳಲ್ಲಿ ಚಿತ್ರ ಬರೆಯಬಲ್ಲ ಯುವಕ ಯುವತಿಯರಿದ್ದಾರೆಯೆ ಎಂದು ವಿಚಾರಿಸೋಣ. ಬರೆದವರಿಗೆ 'ದೇವರ ಕೆಲಸ' ಎಂಬ ಒಣ ಮಾತನ್ನಷ್ಟೆ ಕೊಡದೆ ನ್ಯಾಯವಾದ ಸಂಭಾವನೆಯನ್ನೂ ಕೊಡೋಣ. ಅವರ ಹೆಸರನ್ನು ಚಿತ್ರದ ಕೆಳಗೆ ಅಚ್ಚು ಹಾಕೋಣ. ಯಂತ್ರದ ಚಿತ್ರವನ್ನೇ ಬಳಸಬೇಕಾಗಿ ಬಂದರೆ ಅದು ಯಂತ್ರದ್ದೆಂದು ಮರೆಮಾಚದೆ ತಿಳಿಸೋಣ. ಯೂರೋಪಿನ ಒಕ್ಕೂಟವು 2024ರ ತನ್ನ ಕಾನೂನಿನಲ್ಲಿ ನೈಜವೆಂದು ಭ್ರಮೆ ಹುಟ್ಟಿಸುವ ಚಿತ್ರಗಳ ವಿಷಯದಲ್ಲಿ ಇದನ್ನೇ ವಿಧಿಸಿದೆ. ಸತ್ಯವನ್ನು ಸಾರಬೇಕಾದ ನಮಗೆ ಅದಕ್ಕೆ ಕಾನೂನು ಬೇಕೆ?

ತಂದೆತಾಯಿಯರು ಮನೆಯಲ್ಲಿ ಎರಡು ಸಂಗತಿಗಳನ್ನು ಮಕ್ಕಳಿಗೆ ತಿಳಿಹೇಳಬೇಕು. ಒಬ್ಬರ ಮುಖವನ್ನು ಅವರ ಅನುಮತಿಯಿಲ್ಲದೆ ಯಂತ್ರಕ್ಕೆ ಕೊಟ್ಟು ಮಾರ್ಪಡಿಸುವುದು ಆಟವಲ್ಲ, ಅದು ನೆರೆಯವರ ಮಾನಕ್ಕೆ ಕೈಹಾಕಿದಂತೆ. ಸಹಪಾಠಿ ಹೆಣ್ಣುಮಕ್ಕಳ ಹುಸಿ ಚಿತ್ರಗಳನ್ನು ಸೃಷ್ಟಿಸಿ ಹಂಚಿದ ಪ್ರಕರಣಗಳು ಹಲವು ದೇಶಗಳ ಶಾಲೆಗಳಲ್ಲಿ ನಡೆದಿವೆ; ಆ ಎಳೆಯ ಜೀವಗಳು ಅನುಭವಿಸಿದ ಅವಮಾನ ಅಳತೆಗೆ ಮೀರಿದ್ದು. ಎರಡನೆಯದಾಗಿ, ಚಿತ್ರಕಲಾ ಸ್ಪರ್ಧೆಗೆಂದು ಮಗು ತನ್ನ ಕೈಯಾರೆ ಬರೆದ ವಕ್ರ ಗೆರೆಯ ಗೋದಲಿಗೆ ಬೆಲೆಯಿದೆ. ಕುರಿಯ ಕಾಲುಗಳು ಉದ್ದವಾಗಿರಬಹುದು, ಸಂತ ಜೋಸೆಫರ ಗಡ್ಡ ಓರೆಯಾಗಿರಬಹುದು. ಆದರೆ ಅದನ್ನು ಬರೆಯುವ ಅರ್ಧ ಗಂಟೆ ಆ ಮಗು ಬೆತ್ಲೆಹೇಮಿನಲ್ಲಿಯೇ ಇರುತ್ತದೆ. ಆ ಅರ್ಧ ಗಂಟೆಯನ್ನು ಯಾವ ಯಂತ್ರವೂ ಮಗುವಿನ ಪರವಾಗಿ ಕಳೆಯಲಾರದು.

ಈ ವರ್ಷದ ಕ್ರಿಸ್ತಜಯಂತಿಗೆ ನಿಮ್ಮ ಮನೆಗೊಂದು ಶುಭಾಶಯ ಪತ್ರ ಬಂದಾಗ ಅದರ ಮೂಲೆಯಲ್ಲಿ ಒಂದು ಹೆಸರಿದೆಯೆ ಎಂದು ನೋಡಿರಿ. ಇದ್ದರೆ ಆ ಹೆಸರಿನವರಿಗಾಗಿ ಒಂದು ನಮೋ ಮರಿಯ ಜಪಿಸಿರಿ. ಇಲ್ಲದಿದ್ದರೆ, ಕಾಣದ ಆ ಕೈಗಳಿಗಾಗಿ ಎರಡು ಜಪಿಸಿರಿ.